ಬಂಡಮ್ಮ ಕೇಳದ ಸಲೈನ್

ಕಮಲಾಪುರದ ಮಂದಿಗೆ ದವಾಖಾನೆ ಅಂದರೆ ಬಾಟಲಿ. ಜ್ವರಕ್ಕೆ ಬಾಟಲಿ, ಸುಸ್ತಿಗೆ ಬಾಟಲಿ, ಸೊಸೆಯೊಡನೆ ಜಗಳಾಡಿ ಉಣ್ಣದೆ ಮುಸುಕು ಹಾಕಿ ಮಲಗಿದ ಅತ್ತೆಗೂ ಬಾಟಲಿ. ಕೈಗೊಂದು ಸೂಜಿ ಚುಚ್ಚಿ, ಮೇಲೊಂದು ಸಲೈನ್ ತೂಗುಹಾಕಿ, ಅದು ತೊಟ್ಟು ತೊಟ್ಟಾಗಿ ಇಳಿಯುವುದನ್ನು ಬೀಗರು ಬಿಜ್ಜರೆಲ್ಲ ಸುತ್ತ ಕೂತು ನೋಡಿದರೇನೇ ಅದು ಉಪಚಾರ. ಬರೀ ಗುಳಿಗೆ ಬರೆದು ಕಳಿಸುವ ಡಾಕ್ಟರನ್ನು ಯಾರು ಕೇಳುತ್ತಾರೆ? "ಅವ್ನ ಕೈಗುಣ ಬರೋಬ್ಬರಿ ಇಲ್ಲ" ಅಂತ ಪಕ್ಕದ ಊರಿಗೆ ಜೀಪು ಹತ್ತುತ್ತಾರೆ.

ಡಾಕ್ಟರ್ ದೇವಾನಂದ ಈ ಊರಿನವನೇ. ಅಪ್ಪ ಹುಮನಾಬಾದ್ ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡು ಇಲ್ಲಿಯ ಕೆಂಪು ಬಾಳೆಹಣ್ಣು ಮಾರುತ್ತಿದ್ದ. ಮಗ ಕಲಬುರಗಿಯಲ್ಲಿ ಓದಿದ, ಜೇವರ್ಗಿ ಕಾಲೋನಿಯಲ್ಲಿ ಮನೆ ಮಾಡಿದ, ಆದರೆ ನೌಕರಿಗೆ ಮಾತ್ರ ದಿನಾ ಕಾರು ಓಡಿಸಿಕೊಂಡು ಕಮಲಾಪುರಕ್ಕೇ ಬರುತ್ತಿದ್ದ. ಅಲ್ಲೊಂದು ಟ್ರಸ್ಟಿನ ಸಣ್ಣ ದವಾಖಾನೆ. ದೇವಾನಂದನೇ ಅದಕ್ಕೆ ದೊಡ್ಡ ಡಾಕ್ಟರು. ಸುಷ್ಮಿತಾ ಅಂತ ಆಗಷ್ಟೇ ಓದು ಮುಗಿಸಿ ಬಂದ ಹುಡುಗಿ ಸಣ್ಣ ಡಾಕ್ಟರು. ಇವರಿಬ್ಬರಿಗಿಂತ ಮೊದಲಿನಿಂದಲೂ ಅಲ್ಲಿದ್ದವಳು ಆಯಾ ಬಂಡಮ್ಮ.

ಮೊದಮೊದಲು ದೇವಾನಂದನೂ ಎಲ್ಲರಂತೆ ಬಾಟಲಿ ಹಚ್ಚಿದವನೇ. ತನ್ನೂರ ಮಂದಿ, ಅಪ್ಪನ ಹೆಸರು ಹಿಡಿದು ಮಾತಾಡಿಸುವವರು, ಅವರ ಎದುರು ಇಲ್ಲ ಅನ್ನುವುದು ಸುಲಭವೇ? ಹೀಗಿದ್ದವನನ್ನು ಒಂದು ತರಬೇತಿ ತಲೆಕೆಳಗು ಮಾಡಿತು.

ಕಲಬುರಗಿಯ ಕುಸನೂರ ಕಡೆಯ ಒಂದು ಸಭಾಭವನದಲ್ಲಿ ಡಾಕ್ಟರುಗಳಿಗೆ ನಡೆಸಿದ ತರಬೇತಿ ಅದು. ವಿಷಯದ ಹೆಸರು ಉದ್ದ: ಪುರಾವೆ ನೋಡಿ ಔಷಧ ಕೊಡುವುದು ಹೇಗೆ, ಅದನ್ನು ದಿನದ ಕೆಲಸದ ನಡುವೆಯೇ ಕಿರಿಯ ಡಾಕ್ಟರುಗಳಿಗೆ ಕಲಿಸುವುದು ಹೇಗೆ. ದೇವಾನಂದ ಹೋದದ್ದು ಸರ್ಟಿಫಿಕೇಟಿಗಾಗಿ, ಜೊತೆಗೆ ಎಸಿ ಹಾಲಿನಲ್ಲಿ ತಣ್ಣಗೆ ಕೂತು ಊಟ ಮಾಡಿ ಬರಲಿಕ್ಕಾಗಿ. ಕಲಿಸಲು ಬಂದವರು ಡಾಕ್ಟರ್ ಅಂಜನಾ. ಬೆಳ್ಳಗಾದ ಕೂದಲಿನ, ನೇರ ಮಾತಿನ ಹೆಂಗಸು.

"ಪಾಠಕ್ಕಂತ ಬ್ಯಾರೆ ಹೊತ್ತು ಹುಡುಕಬ್ಯಾಡ್ರಿ, ಸಿಗಂಗಿಲ್ಲ" ಅಂದರು ಅವರು. "ರೋಗಿ ಮುಂದ ನಿಂತಾಗ ಎರಡ ನಿಮಿಷ ಸಾಕು. ನಿಮ್ಮ ಕಿರಿಯರಿಗೆ ಕೇಳ್ರಿ, ಈ ಔಷಧ ಯಾಕ ಕೊಡಾಕತ್ತೀರಿ? ಇದನ್ನ ತಗೊಂಡವರಿಗೆ ಆರಾಮ ಆಗ್ಯಾದ ಅಂತ ಯಾರರೆ ಎಣಿಸಿ ನೋಡ್ಯಾರೇನು? ಹಂಗ ಎಣಿಸಿದ ಮಂದಿಯಂಗೇ ಅದಾಳೇನು ಈಗ ನಿಮ್ಮ ಮುಂದ ಮಲಗಿದಾಕಿ? ಕಡೀ ಪ್ರಶ್ನೆ ಬಿಟ್ರ ಮೊದಲಿನ ಎರಡೂ ನೀರಾಗ ಹೋದಂಗ. ರೋಗಿಗಳ ಪಾಳಿ ಉದ್ದ ಆದ ದಿನ ಎಲ್ಲಾರೂ ಬಿಡೂದು ಅದನ್ನೇ."

ಆಮೇಲೆ ನಾಟಕ ಆಡಿಸಿದರು. ಒಬ್ಬ ಡಾಕ್ಟರು ಡಾಕ್ಟರಾಗಬೇಕು, ಇನ್ನೊಬ್ಬ ಡಾಕ್ಟರು ಕೂಸಿನ ತಾಯಿಯಾಗಬೇಕು. ದೇವಾನಂದ ಕರ್ಚೀಫನ್ನು ಸೆರಗಿನಂತೆ ತಲೆಗೆ ಹೊದ್ದು, "ಯಪ್ಪಾ, ಕೂಸು ಸೊರಗಿ ಸುಣ್ಣ ಆಗ್ಯಾದ, ಒಂದ ಬಾಟ್ಲಿ ಹಚ್ಚರಿ ನಿಮ್ಮ ಕಾಲ ಬೀಳ್ತೀನಿ" ಅಂತ ಶುರುಮಾಡಿದ್ದೇ ತಡ, ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಜನಾ ಅವರೂ ನಕ್ಕರು.

"ತಾಯಿ ಮನಸ್ಸು ಇಷ್ಟ ಚಂದ ಗೊತ್ತದ ನಿಮಗ. ಆ ಕೂಸಿಗೆ ಬಾಟ್ಲಿ ಬೇಕಾಗಿಲ್ಲ ಅಂತನೂ ಗೊತ್ತದ. ಮತ್ತ ಯಾಕ ಹಚ್ಚತೀರಿ?"

"ಹಚ್ಚದಿದ್ರ ಮಂದಿ ಬೈತಾರ್ರಿ ಮೇಡಂ."

"ಹಂಗಾರ ನೀವು ಬೈಗುಳಕ್ಕ ಔಷಧ ಕೊಡತೀರಿ. ರೋಗಕ್ಕಲ್ಲ."

ನಗು ನಿಂತಿತು. ದೇವಾನಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಆ ಮಾತು ಅವನಿಗೆ ಚುಚ್ಚಿ ಕೂತಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದ.

ಮರುದಿನದಿಂದ ಸುಷ್ಮಿತಾಳಿಗೆ ಪಾಠ ಶುರುವಾಯಿತು. ಹುಡುಗಿ ಚುರುಕು. ಹಾಸಿಗೆಯ ಪಕ್ಕ ನಿಂತು "ಯಾಕ?" ಅಂದರೆ ಸಾಕು, ಮೊಬೈಲ್ ತೆಗೆದು ಹುಡುಕಿ, ಸಂಜೆಯ ಚಹಾ ಹೊತ್ತಿಗೆ ಉತ್ತರ ತರುತ್ತಿದ್ದಳು. ವಾಂತಿ-ಭೇದಿಯ ಕೂಸು ಬಾಯಿಂದ ಕುಡಿಯುತ್ತಿದ್ದರೆ ಓಆರ್‌ಎಸ್ ಪುಡಿಯ ನೀರು ಸಾಕು, ಸಲೈನಿನಷ್ಟೇ ಕೆಲಸ ಮಾಡುತ್ತದೆ. ಜಗತ್ತಿನಾದ್ಯಂತ ನೋಡಿ ಖಾತ್ರಿ ಮಾಡಿಕೊಂಡ ಮಾತು. ಇಬ್ಬರು ಡಾಕ್ಟರಿಗೂ ಇದು ಬಾಯಿಪಾಠವಾಯಿತು. ಆದರೆ ತಾಯಂದಿರಿಗೆ ಹೇಳುವವರು ಯಾರು? ದೇವಾನಂದ ಹೇಳಿದರೆ ಮುಖ ತಿರುಗಿಸುತ್ತಿದ್ದರು. ಸುಷ್ಮಿತಾ ಹೇಳಿದರೆ "ಸಣ್ಣ ಹುಡುಗಿ, ಅಕಿಗೇನ್ ತಿಳೀತದ" ಅನ್ನುತ್ತಿದ್ದರು.

ಹೇಳಿದವಳು ಬಂಡಮ್ಮ.

ಬಂಡಮ್ಮನ ಬಾಯಿ ಅಂದರೆ ಬಾಯಿ. ಗಂಡ ಸತ್ತ ಮೇಲೆ ಮಗಳು ರೇವತಿಯನ್ನು ಒಬ್ಬಳೇ ಸಾಕಿದವಳು, ಅಳಿಯನನ್ನೂ ಮನೆಯಲ್ಲೇ ಇಟ್ಟುಕೊಂಡು ಅವನಿಗೂ ಅಂಜಿಕೆ ಹುಟ್ಟಿಸಿದವಳು. ಒಂದು ದಿನ ಯಾವಳೋ ತಾಯಿ ಪುಡಿನೀರಿನ ಗ್ಲಾಸನ್ನು ನೆಲಕ್ಕೆ ಚೆಲ್ಲಿ, ಬಾಟಲಿ ಹಚ್ಚುವ ತನಕ ಏಳುವುದಿಲ್ಲ ಅಂತ ಹಠ ಹಿಡಿದಳು. ಬಂಡಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏ ತಂಗಿ, ಬಾಟ್ಲಿಯೊಳಗ ಏನ್ ಅಮೃತ ಇಟ್ಟಾರಂತ ತಿಳದೀ? ಉಪ್ಪಿನ ನೀರು! ಇದರಾಗೂ ಅದೇ ಉಪ್ಪು, ಮ್ಯಾಲ ಜರಾ ಸಿಹಿ. ಅದು ಸೂಜಿಲೆ ಹೋಗ್ತದ, ಇದು ಬಾಯಿಲೆ ಹೋಗ್ತದ. ದೇವರು ಕೂಸಿಗೆ ಬಾಯಿ ಕೊಟ್ಟಾನಲ್ಲ, ಕೈ ಯಾಕ ತೂತು ಮಾಡಸ್ತಿ? ಸರಿ ಇಕಡಿ, ನಾ ಕುಡಸ್ತೀನಿ."

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಒಂದೊಂದೇ ಗುಟುಕು ಹಾಕಿದಳು. ಕಕ್ಕಿದರೆ ಒರೆಸಿ ಮತ್ತೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಅವಳ ಕಿವಿಯ ಬುಗುಡಿ ಎಳೆದು ಆಡತೊಡಗಿತು. ತಾಯಿ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತಳು. ಅಂದಿನಿಂದ ಊರಲ್ಲಿ ಪುಡಿನೀರಿಗೆ "ಬಂಡಮ್ಮನ ನೀರು" ಅಂತಲೇ ಹೆಸರಾಯಿತು. ಕೂಸುಗಳಿಗಷ್ಟೇ ಅಲ್ಲ, ದೊಡ್ಡವರೂ ಕೇಳಿ ಕುಡಿಯುವಂತಾದರು. ಬಾಟಲಿ ಬೇಡುವವರು ಇದ್ದೇ ಇದ್ದರು, ಆದರೆ ಬಂಡಮ್ಮ ಬಾಗಿಲಲ್ಲಿ ಕಂಡರೆ ದನಿ ತಗ್ಗಿಸುತ್ತಿದ್ದರು.

ಇದು ಕಲಬುರಗಿಯ ತನಕ ಹೋಯಿತು. ಅಂಜನಾ ಅವರು ಬಂದು ನೋಡಿ ಮೆಚ್ಚಿ, ದೇವಾನಂದನನ್ನೇ ತರಬೇತಿಯಲ್ಲಿ ಕಲಿಸಲು ಕರೆದರು. ಮೊದಲು ಕರ್ಚೀಫು ಹೊದ್ದು ನಗಿಸಿದವನು ಈಗ ಮೈಕು ಹಿಡಿದು ನಿಂತ. ಪ್ರತಿ ಸಲವೂ ಬಂಡಮ್ಮನ ಕತೆ ಹೇಳುತ್ತಿದ್ದ. ಬಂಡಮ್ಮನಿಗೂ ಅದು ಗೊತ್ತು. "ಕಲಬುರಗ್ಯಾಗ ದೊಡ್ಡ ದೊಡ್ಡ ಡಾಕ್ಟರ ಮುಂದ ನನ್ನ ಹೆಸರು ತಗೀತಾರಂತ ಸಾಹೇಬ್ರು" ಅಂತ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಉಬ್ಬುತ್ತಿದ್ದಳು. ಪಾಪ, ಅವಳ ಜೀವಮಾನದಲ್ಲಿ ಇನ್ಯಾರು ಅವಳನ್ನು ಹಾಗೆ ಹೊಗಳಿದ್ದರು?

ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು. ಹೆಸರು ಬಂದಷ್ಟೂ ದವಾಖಾನೆಗೆ ಮಂದಿ ಹೆಚ್ಚಾದರು, ಮಂದಿ ಹೆಚ್ಚಾದಷ್ಟೂ ಎರಡು ನಿಮಿಷದ ಪಾಠ ಅರ್ಧ ನಿಮಿಷಕ್ಕಿಳಿಯಿತು. ದೇವಾನಂದ ಯಾಕ ಅಂತ ಕೇಳುತ್ತಿದ್ದ, ಪುರಾವೆ ಏನದ ಅಂತಲೂ ಕೇಳುತ್ತಿದ್ದ. ಮುಂದೆ ಮಲಗಿದವಳು ಎಣಿಸಿದ ಆ ಮಂದಿಯಂತೆ ಇದ್ದಾಳೋ ಇಲ್ಲವೋ ಅನ್ನುವ ಕಡೆಯ ಪ್ರಶ್ನೆಯನ್ನು ನಾಳೆ ಕೇಳಿದರಾಯಿತು ಅಂತ ಮುಂದಿನ ಹಾಸಿಗೆಗೆ ಸರಿಯುತ್ತಿದ್ದ. ಹಾಲಿನಲ್ಲಿ ಮೈಕು ಹಿಡಿದಾಗ ಮಾತ್ರ ಅದನ್ನು ಕೈಯೆತ್ತಿ ಒತ್ತಿ ಹೇಳುತ್ತಿದ್ದ. ಸುಷ್ಮಿತಾ ಕಲಿತದ್ದು ಅವನ ವಾರ್ಡಿನಲ್ಲಿ, ಹಾಲಿನಲ್ಲಲ್ಲ.

ಆ ಬೇಸಿಗೆಯ ಬಿಸಿಲನ್ನು ಏನು ಹೇಳುವುದು! ಕಾಗೆಗಳೂ ಕೂಗುವುದನ್ನು ಬಿಟ್ಟು ನೆರಳು ಹುಡುಕುತ್ತಿದ್ದವು. ಊರಿನ ಒಂದು ಓಣಿಯ ನೀರು ಕೆಟ್ಟು ವಾಂತಿ-ಭೇದಿ ಎದ್ದಿತು. ವಾರ್ಡು ತುಂಬಿ ವರಾಂಡದಲ್ಲೂ ಚಾಪೆ ಹಾಸಿದರು. ಬಂಡಮ್ಮ ಮನೆಗೆ ಹೋಗುವುದನ್ನೇ ಮರೆತು ಒಬ್ಬೊಬ್ಬರ ಬಾಯಿಗೂ ನೀರು ಹಾಕುತ್ತಾ ಓಡಾಡಿದಳು. ಹಾಗೆ ಓಡಾಡುತ್ತಲೇ ಅವಳಿಗೂ ರೋಗ ತಗುಲಿತು.

ಯಾರಿಗೂ ಹೇಳಲಿಲ್ಲ. ಹಿಂದಿನ ಸಂಡಾಸಿಗೆ ಹೋಗಿ ಬರುವುದು, ಬಾಯಿ ತೊಳೆದುಕೊಂಡು ಒಂದು ಗ್ಲಾಸ್ ಪುಡಿನೀರು ಕುಡಿಯುವುದು, ಅದನ್ನೂ ಗೋಡೆಯ ಮರೆಯಲ್ಲಿ ಕಕ್ಕಿ ಮತ್ತೆ ವಾರ್ಡಿಗೆ ಬರುವುದು. ಮರುದಿನ ಮುಂಜಾನೆ ಸುಷ್ಮಿತಾ ಅವಳ ಮುಖ ನೋಡಿ ತಡೆದು ನಿಲ್ಲಿಸಿದಳು.

"ಬಂಡಮ್ಮ, ಆರಾಮ ಇಲ್ಲೇನು? ಉಚ್ಚಿ ಆಗ್ಯಾದೇನು ಬರೋಬ್ಬರಿ?"

"ಆಗ್ಯಾದ್ರಿ ಡಾಕ್ಟರ್ ಬಾಯಾರ. ಜರಾ ಹೊಟ್ಟಿ ಕೆಟ್ಟದ, ಅಷ್ಟ. ನನ್ನ ನೀರು ನಾನೇ ಕುಡಿಯಾಕತ್ತೀನಿ."

ಸುಳ್ಳು. ಹಿಂದಿನ ದಿನದಿಂದಲೇ ಆಗಿರಲಿಲ್ಲ. ಸುಷ್ಮಿತಾಳಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ಮನಸ್ಸಿನಲ್ಲೇ ಹೆಮ್ಮೆಪಟ್ಟುಕೊಂಡಳು, ನೋಡು, ತಾನು ಹೇಳಿದ್ದನ್ನು ತಾನೂ ಪಾಲಿಸುತ್ತಾಳೆ ಅಂತ. ಆಚೆಯಿಂದ ಯಾವುದೋ ಕೂಸು ಕಿರುಚಿತು, ಅವಳು ಅತ್ತ ಓಡಿದಳು.

ಅಂದು ದೇವಾನಂದನಿಗೆ ಕಲಬುರಗಿಯಲ್ಲಿ ತರಬೇತಿ. ರೌಂಡ್ಸ್ ಮುಗಿಸಿ, ಬ್ಯಾಗು ಹೆಗಲಿಗೆ ಹಾಕಿ ಹೊರಟವನಿಗೆ ವರಾಂಡದಲ್ಲಿ ಗೋಡೆಗೊರಗಿ ನಿಂತ ಬಂಡಮ್ಮ ಕಂಡಳು. ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಅವನಿಗೆ ಕಾಣಲಿಲ್ಲವೇ? ಕಂಡಿತು. ಆದರೆ ನಿತ್ಯ ದುಡಿಯುವವರ ಮುಖ ಬಾಡಿದ್ದು ನಮಗೆ ಯಾವತ್ತು ರೋಗದಂತೆ ಕಂಡಿದೆ?

"ಏನ್ ಬಂಡಕ್ಕ, ಗ್ವಾಡಿ ಹಿಡದು ನಿಂತಿ?" ಅಂತ ನಕ್ಕ. "ಕಡೀಕ ನೀನೂ ಬಾಟ್ಲಿ ಕೇಳಂಗ ಆದೇನು?"

ಬಂಡಮ್ಮ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಛೀ, ಬಿಡ್ರಿ ಸಾಹೇಬ್ರ! ನಾ ಯಾಕ ಕೇಳ್ಲಿ? ನೀವು ಹೋಗಿ ಬರ್ರಿ, ಹೊತ್ತಾಗ್ತದ. ನನ್ನ ಹೆಸರು ಛಲೋತ್ನಾಗ ಹೇಳ್ರಿ ಅಲ್ಲಿ."

ಅವನು ನಗುತ್ತಲೇ ಕಾರು ಹತ್ತಿದ.

ಒಂದು ಮಾತಿಗೆ ಒಬ್ಬಳ ಬಾಯಿ ಮುಚ್ಚುವಷ್ಟು ಬಲ ಇರುತ್ತದೆಂದು ಯಾರು ಎಣಿಸಿದ್ದರು! ಬಂಡಮ್ಮನಿಗೆ ಬಿಪಿ ಇತ್ತು. ಮೈಯೊಳಗಿನ ನೀರು ಇಳಿಸುವ ಗುಳಿಗೆಯನ್ನು ಅವಳಿಗೆ ಬರೆದುಕೊಟ್ಟವನು ದೇವಾನಂದನೇ. ಅಂಥವರಿಗೆ ವಾಂತಿ-ಭೇದಿಯಾದರೆ ಮೊದಲು ಆ ಗುಳಿಗೆ ನಿಲ್ಲಿಸಬೇಕು, ಕುಡಿದದ್ದು ನಿಲ್ಲದಿದ್ದರೆ ತಡಮಾಡದೆ ಸಲೈನ್ ಹಚ್ಚಬೇಕು, ಇಲ್ಲದಿದ್ದರೆ ಮೂತ್ರಪಿಂಡ ಕೈಕೊಡುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ, ಎಷ್ಟೋ ಸಲ ಹಾಲಿನಲ್ಲಿ ಬಿಡಿಸಿ ಹೇಳಿದ ವಿಷಯ. ಬಂಡಮ್ಮ ಅಂದು ಮುಂಜಾನೆಯೂ ಮರೆಯದೆ ಆ ಗುಳಿಗೆ ನುಂಗಿದ್ದಳು, ಸಾಹೇಬ್ರು ತಪ್ಪಿಸಬ್ಯಾಡ ಅಂದಿದ್ದಾರೆ ಅಂತ.

ಮಧ್ಯಾಹ್ನ ರೇವತಿ ಬುತ್ತಿ ತಂದಾಗ ತಾಯಿ ಸ್ಟೋರ್ ರೂಮಿನ ಮೂಲೆಯಲ್ಲಿ ಕೂತಿದ್ದಳು. ಕೈ ಮುಟ್ಟಿದರೆ ತಣ್ಣಗೆ. ರೇವತಿ ಗಾಬರಿಬಿದ್ದಳು.

"ಯವ್ವಾ, ಏಳು, ಬಾಯಾರಿಗೆ ಹೇಳಿ ಸಲೈನ್ ಹಚ್ಚಿಸ್ಕೋ."

"ಹುಚ್ಚಿ, ಸಣ್ಣಗ ಮಾತಾಡು! ವಾರ್ಡಿನಾಗ ಇಷ್ಟ ಮಂದಿ ಕುಂತಾರ. ನನ್ನ ಕೈಯಾಗ ಬಾಟ್ಲಿ ಕಂಡ್ರ ನಾಳಿಂದ ನನ್ನ ಮಾತು ಯಾರು ಕೇಳ್ತಾರ? ಸಾಹೇಬ್ರು ಮಾರಿ ಎತ್ತಿ ತಿರಗಂಗಿಲ್ಲ. ಸಂಜಿ ತನಕ ತಡಿ, ಮಂದಿ ಹೋಗ್ಲಿ. ಆಮ್ಯಾಲ ಹಚ್ಚಿಸ್ಕೋತೀನಿ."

ಸಂಜೆಯ ತನಕ ಅವಳು ತಡೆಯಲಿಲ್ಲ. ಬುತ್ತಿ ಬಿಚ್ಚುವ ಮುಂಚೆಯೇ ಮಗಳ ಮೈಮೇಲೆ ವಾಲಿದಳು.

ಕುಸನೂರಿನ ಆ ಹಾಲಿನಲ್ಲಿ ದೇವಾನಂದ ಬೋರ್ಡಿನ ಎದುರು ನಿಂತಿದ್ದ. ಬಂಡಮ್ಮನ ಕತೆಯ ನಡುವೆಯೇ ಫೋನು ಬಂತು. "ಸರ್, ಬಂಡಮ್ಮ..." ಅಂದಳು ಸುಷ್ಮಿತಾ. ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕರೆತರುತ್ತಿದ್ದೇನೆ, ಒಂದು ಕಡೆ ಹೇಗೋ ಸೂಜಿ ಹಾಕಿದೆ, ಇನ್ನೊಂದು ಕಡೆ ನರ ಸಿಗುತ್ತಿಲ್ಲ, ಬಿಪಿ ಸಿಗುತ್ತಿಲ್ಲ ಅಂತ ಅವಳು ಒಂದೇ ಉಸಿರಿಗೆ ಹೇಳಿದಳು. ಮೈಕು ಕೆಳಗಿಟ್ಟದ್ದು, ಕಾರು ಹತ್ತಿದ್ದು ಅವನಿಗೆ ನೆನಪಿಲ್ಲ. ದೊಡ್ಡ ಆಸ್ಪತ್ರೆಯ ಗೇಟಿನಲ್ಲಿ ಆಂಬುಲೆನ್ಸಿಗಿಂತ ಮೊದಲು ನಿಂತಿದ್ದ.

ಒಳಗೆ ಎರಡೂ ಕೈಗೆ ಸಲೈನ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಬಂಡಮ್ಮ ಕಣ್ಣು ತೆರೆದಳು. ದೇವಾನಂದನನ್ನು ಕಂಡದ್ದೇ ಅವಸರದಿಂದ ಸೆರಗು ಎಳೆದು, ಬಾಟಲಿಯ ನಳಿಕೆ ಸಿಕ್ಕಿಸಿದ ಕೈಗಳನ್ನು ಮುಚ್ಚಿಕೊಳ್ಳಲು ನೋಡಿದಳು. ಕೈಯಲ್ಲಿ ಬಲವಿಲ್ಲದೆ ಸೆರಗು ಜಾರಿತು.

"ತಪ್ಪಾತ್ರಿ ಸಾಹೇಬ್ರ" ಅಂದಳು. "ಊರಾಗ ಯಾರ ಮುಂದೂ ಹೇಳಬ್ಯಾಡ್ರಿ."

"ಏನ್ ಹೇಳಬಾರ್ದವ್ವ?"

"ಬಂಡಮ್ಮ ಬಾಟ್ಲಿ ಹಚ್ಚಿಸ್ಕೊಂಡ್ಳು ಅಂತ."

ದೇವಾನಂದ ಮಂಚದ ಕಂಬಿ ಹಿಡಿದು, ಅಲ್ಲಿದ್ದ ನರ್ಸುಗಳ ಎದುರಿಗೇ ಗಳಗಳನೆ ಅತ್ತುಬಿಟ್ಟ. ಅವಳ ಸೆರಗನ್ನು ತಾನೇ ಎತ್ತಿ ಆ ಕೈಗಳ ಮೇಲೆ ಹೊದಿಸಿದ. "ಇಲ್ಲವ್ವ, ಯಾರಿಗೂ ಹೇಳಂಗಿಲ್ಲ" ಅಂದ. ಅವಳಿಗೆ ಸಮಾಧಾನವಾದಂತೆ ಕಂಡಿತು.

ಮೂತ್ರಪಿಂಡ ಆಗಲೇ ನಿಂತುಹೋಗಿದ್ದವು. ಡಯಾಲಿಸಿಸ್‌ಗೆ ಹಾಕಿದರು. ಹೃದಯ ತಾಳಲಿಲ್ಲ, ಬಂಡಮ್ಮ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಸುಷ್ಮಿತಾ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. "ನಾ ಕೇಳಿದ್ದೆ ಸರ್, ಆಗ್ಯಾದ ಅಂದ್ಳು. ಚರ್ಮ ಹಿಡದು ನೋಡಬೇಕಿತ್ತು, ಯಾವ ಗುಳಿಗಿ ತಗೋತಿ ಅಂತ ಕೇಳಬೇಕಿತ್ತು." ದೇವಾನಂದ ಅವಳ ಪಕ್ಕ ಕೂತ. ನಾನು ನಿನಗೆ ಅದನ್ನು ಕಲಿಸಲಿಲ್ಲ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಅಂಜನಾ ಅವರು ಫೋನು ಮಾಡಿ, ಸಂತಾಪ ಹೇಳಿ, ಸ್ವಲ್ಪ ದಿನ ಬಿಟ್ಟು ಇದನ್ನು ತರಬೇತಿಯಲ್ಲಿ ಹೇಳಬೇಕು, ಎಲ್ಲರೂ ಕಲಿಯುತ್ತಾರೆ ಅಂದರು. ಅವರ ಮಾತು ಸರಿಯೇ. "ಆಕಿನ್ನ ಇನ್ನೊಮ್ಮೆ ಉದಾಹರಣೆ ಮಾಡೂದು ನನ್ನಿಂದ ಆಗಂಗಿಲ್ರಿ ಮೇಡಂ" ಅಂದು ಫೋನಿಟ್ಟ. ಅಂದಿನಿಂದ ಅವನು ಯಾರಿಗೂ ಪಾಠ ಹೇಳಿಲ್ಲ.

ಅವನು ಕೊಟ್ಟ ಮಾತು ಉಳಿಯಲಿಲ್ಲ. ಸಣ್ಣ ಊರು, ಸುದ್ದಿಗೆ ಬೀಗ ಹಾಕುವುದುಂಟೇ? "ಬಂಡಮ್ಮನ ನೀರು ಬಂಡಮ್ಮಗೇ ತಾಕತ್ತು ಕೊಡಲಿಲ್ಲ" ಅಂತ ಮಂದಿ ತೀರ್ಮಾನ ಮಾಡಿದರು. ಪುಡಿಯ ಪೊಟ್ಟಣ ಕೊಟ್ಟರೆ ಬಾಗಿಲ ಹೊರಗೆ ಎಸೆದು ಹೋದರು. ನೆಗಡಿ ಬಂದವನೂ ಅಂಗಿಯ ತೋಳು ಮಡಚಿ ಕೈ ಮುಂದೆ ಮಾಡಿದ. ಬೇಡ ಅನ್ನಲು ಅಲ್ಲಿ ಯಾರಿದ್ದರು? ದೇವಾನಂದ ತಲೆ ತಗ್ಗಿಸಿ ಬರೆದ, ಸುಷ್ಮಿತಾ ತುಟಿ ಕಚ್ಚಿ ಹಚ್ಚಿದಳು. ಹಾಸಿಗೆಯ ಪಕ್ಕ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ರೇವತಿ ತನ್ನ ಮಗಳನ್ನು ಎತ್ತಿಕೊಂಡು ಬಂದಳು. ಎರಡು ಸಲ ಭೇದಿಯಾಗಿತ್ತು, ಅಷ್ಟೇ. ಹುಡುಗಿ ಮೇಜಿನ ಮೇಲಿನ ಸ್ಟೆತೊಸ್ಕೋಪ್ ಎಳೆಯುತ್ತಿತ್ತು, ನಾಲಿಗೆ ಹಸಿಯಾಗಿತ್ತು, ಅಳುವಾಗ ಕಣ್ಣೀರು ಬರುತ್ತಿತ್ತು.

"ಸಲೈನ್ ಹಚ್ಚರಿ ಸಾಹೇಬ್ರ" ಅಂದಳು ರೇವತಿ.

ಸುಷ್ಮಿತಾ ಹುಡುಗಿಯ ಹೊಟ್ಟೆ ಮುಟ್ಟಿ, ಚರ್ಮ ಹಿಡಿದು ಬಿಟ್ಟು ನೋಡಿದಳು. ಎಷ್ಟೋ ದಿನದ ಮೇಲೆ ಬಾಯಿ ತೆರೆದು ಮೆಲ್ಲಗೆ ಕೇಳಿದಳು. "ಸರ್, ಯಾಕ? ಕೂಸು ಕುಡಿಯಾಕತ್ತದಲ್ರಿ."

ದೇವಾನಂದ ರೇವತಿಯ ಮುಖ ನೋಡಿದ. ಪುಡಿನೀರು ಸಾಕವ್ವ ಅನ್ನಬೇಕಿತ್ತು. ಅದೇ ಖರೆ. ಆದರೆ ಆ ಮಾತನ್ನು ಈ ಮನೆಯವರಿಗೆ ಯಾವ ಬಾಯಿಂದ ಹೇಳುವುದು?

"ಹಚ್ಚವ್ವ" ಅಂದ.

ಸೂಜಿ ಚುಚ್ಚಿದಾಗ ಹುಡುಗಿ ಕಿರುಚಿ ಕೈಕಾಲು ಬಡಿಯಿತು. ದೇವಾನಂದನೇ ಅದರ ಮೊಣಕೈ ಹಿಡಿದುಕೊಂಡ. ಬಾಟಲಿ ತೊಟ್ಟಿಕ್ಕತೊಡಗಿತು. ರೇವತಿ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಾ, ಮಗಳ ತಲೆ ಸವರುತ್ತಾ, ಸುಮ್ಮನೆ ಮಾತಿಗೆ ಅನ್ನುವಂತೆ ಕೇಳಿದಳು.

"ಅವ್ವಗ ಅವತ್ತು ಮುಂಜಾನಿನೇ ಹಿಂಗ ಹಚ್ಚಿದ್ರ ಉಳೀತಿದ್ಳೇನ್ರಿ?"

ಅದರಲ್ಲಿ ಸಿಟ್ಟಿರಲಿಲ್ಲ. ಡಾಕ್ಟರನ್ನು ಕೇಳುವಂತೆ ಕೇಳಿದ್ದಳು. ಖಚಿತವಾಗಿ ಹೇಳಲಾಗದು, ರೋಗ ಹೀಗಿತ್ತು, ವಯಸ್ಸು ಹಾಗಿತ್ತು ಅಂತ ಹೇಳಲು ಅವನಿಗೆ ನೂರು ದಾರಿ ಗೊತ್ತಿದ್ದವು.

"ಉಳೀತಿದ್ಳವ್ವ" ಅಂದ.

ರೇವತಿ ತಲೆಯಾಡಿಸಿದಳು. ಎದ್ದು, ಅವನ ತೋಳು ಮುಟ್ಟಿದಳು.

"ಇರಲಿ ಬಿಡ್ರಿ. ನಿಮ್ಮ ಮ್ಯಾಲ ಭಾಳ ಜೀವ ಇತ್ತು ಅಕಿಗಿ. ನೀವೇನ್ ಮಾಡ್ತೀರಿ, ಅಕಿ ಕೇಳ್ಲೇ ಇಲ್ಲಲ್ಲ" ಎಂದು ಅವನಿಗೇ ಸಮಾಧಾನ ಹೇಳಿದಳು.